ಕಿಟಕಿಯ ಕೆಳಗಿನ ಜಗಲಿ

“ಇನ್ನೊಂದು ಸಲ ಹಿಡ್ಕೊಳ್ಳಿ ಅಮ್ಮಾವ್ರೆ,” ಎನ್ನುತ್ತ ಹೂವಿನ ಬೀರಮ್ಮ ಸಿದ್ದಲಿಂಗಮ್ಮನ ತಲೆಯನ್ನು ನೇರ ಮಾಡಿ, ಗದ್ದಕ್ಕೆ ಬಿಳಿ ಬಟ್ಟೆ ಬಿಗಿದಳು. ಜಗಲಿಯ ಮೇಲೆ ಕೂರಿಸಿದ್ದ ದೇಹದ ಮುಖ ಬೀದಿಯ ಕಡೆಗಿರಬೇಕು. ಸರ್ವಮಂಗಳಾ ಕೈ ಬಿಟ್ಟೊಡನೆ ತಲೆ ಮತ್ತೆ ಗೋಡೆಯತ್ತ ವಾಲಿತು.

“ಸತ್ರೂ ಅಭ್ಯಾಸ ಬುಡ್ಲಿಲ್ಲ ನೋಡಿ ಇವ್ಳು,” ಎಂದು ಬೀರಮ್ಮ ಅಳುತ್ತಲೇ ನಕ್ಕಳು.

ಸರ್ವಮಂಗಳಾಳಿಗೆ ಆ ಮಾತು ಅರ್ಥವಾಗಲಿಲ್ಲ. ಗೋಡೆ ಅವಳ ಮನೆಯದು. ಸಿದ್ದಲಿಂಗಮ್ಮನ ಬಾಡಿಗೆ ಕೋಣೆಯ ಜಗಲಿ ಅದಕ್ಕೇ ತಾಗಿಕೊಂಡಿತ್ತು. ಜಗಲಿಯ ಮೇಲ್ಗಡೆ ಒಂದು ಕಿಟಕಿ. ಯುಗಾದಿಯಿಂದ ಮುಚ್ಚಿಯೇ ಇತ್ತು.

*

ಆ ಕಿಟಕಿಯ ಒಳಗೆ ರೇಡಿಯೋ ಇಟ್ಟ ದಿನದಿಂದ ಸಿದ್ದಲಿಂಗಮ್ಮ ಸಂಜೆಯಾದರೆ ಮೆಂತ್ಯದಹಿಟ್ಟು ಕುಟ್ಟುವ ಕೆಲಸ ಮುಗಿಸಿ, ಗೋಡೆಗೆ ಒರಗಿ ಕೂರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವಳ ಕೋಣೆಯಲ್ಲಿ ಒನಕೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ರೇಡಿಯೋದವರು “ನಮಸ್ಕಾರ” ಎಂದರೆ ಅವಳು ಗಟ್ಟಿಯಾಗಿ, “ನಮಸ್ಕಾರ ಕಣಪ್ಪ. ಉಂಡ್ಯಾ?” ಎನ್ನುತ್ತಿದ್ದಳು. ಸರ್ವಮಂಗಳಾಳ ಗಂಡ ಕರಿಬಸವಯ್ಯ ನಕ್ಕು, ಯಾರಿಗೂ ಹೇಳದೆ ಸದ್ದು ಸ್ವಲ್ಪ ಹೆಚ್ಚಿಸುತ್ತಿದ್ದರು.

ಯುಗಾದಿಗೆ ಮನೆಗೆ ಸುಣ್ಣ ಹೊಡೆಸಿದರು. ವಾರ ಕಳೆಯುವುದರೊಳಗೆ ಜಗಲಿಯ ಮೇಲಿನ ಗೋಡೆಗೆ ತಲೆಯೆಣ್ಣೆಯ ಕಲೆ ಬಿತ್ತು. ಅದೇ ಸಂಜೆ ನೆಂಟರು ಬಂದಿದ್ದಾಗ ಹೊರಗಿನಿಂದ “ಉಂಡ್ಯಾ?” ಕೇಳಿತು. ಅವರು ಮುಖ ಮುಖ ನೋಡಿಕೊಂಡು ನಕ್ಕರು.

ಮರುದಿನ ಸರ್ವಮಂಗಳಾ ಕಲೆಯ ಮೇಲೆ ಸುಣ್ಣ ಬಳಿಸಿ, ರೇಡಿಯೋವನ್ನು ಅದೇ ಗೋಡೆಯ ಮೂಲೆಗೆ ಸರಿಸಿ, ಕಿಟಕಿ ಮುಚ್ಚಿದಳು.

“ರೇಡಿಯೋ ಕೆಟ್ಟುಹೋಯ್ತು ಕಣಮ್ಮ,” ಎಂದಳು.

“ಅಯ್ಯೋ, ಏನಾಯ್ತವ್ವ ಅದಕ್ಕೆ?” ಎಂದು ಮುದುಕಿ, ಮನೆಯಲ್ಲಿ ಯಾರಿಗೋ ಜ್ವರ ಬಂದಂತೆ ಮರುಗಿದಳು. ಸೋಮವಾರ ನಂಜನಗೂಡಿಗೆ ಹೋದವಳು ವಿಭೂತಿಯ ಪೊಟ್ಟಣ ತಂದಳು. “ಅದಕ್ಕೂ ಒಂಚೂರು ಹಚ್ಚವ್ವ.”

ಆಮೇಲೆ ಯಾಕೋ ರೇಡಿಯೋದ ಬಗ್ಗೆ ಕೇಳುವುದನ್ನೇ ಬಿಟ್ಟಳು.

*

ಕರಿಬಸವಯ್ಯ ಹೆಣ ಹೊರುವ ಬಿದಿರಿನ ವಿಮಾನಕ್ಕೆ ಬಾಳೆಕಂದು ಕಟ್ಟಿಸುತ್ತಿದ್ದರು. ಬೀರಮ್ಮ ಉಳಿದ ಸೇವಂತಿಗೆಯನ್ನು ಪೋಣಿಸುತ್ತ ಕೂತಳು.

“ದೇವರಾಜ ಮಾರ್ಕೆಟ್ಟಿನ ಹೋಟ್ಲಲ್ಲಿ ರೇಡಿಯೋ ಅದೆ. ಅಲ್ಲಿ ಕೇಳ್ಕಂಡ್ ಬಂದು ದಿನಾ ಇವ್ಳಿಗೆ ಹೇಳ್ತಿದ್ದೆ. ಮರ್ತೋದ್ರೆ ನಾನೇ ಒಂದೆರಡು ಸೇರಿಸ್ಬುಡ್ತಿದ್ದೆ. ‘ಸುಳ್ಳಿ, ನಿನ್ನ ರೇಡಿಯೋನೂ ಕೆಟ್ಟದೆ’ ಅಂತ ಬಯ್ಯೋಳು.”

“ನಮ್ಮದು ಕೆಟ್ಟಿತ್ತಲ್ಲ...” ಸರ್ವಮಂಗಳಾಳ ಬಾಯಿಂದ ಅಭ್ಯಾಸಬಲದಿಂದ ಬಂದುಬಿಟ್ಟಿತು.

ಬೀರಮ್ಮ ಹೂವಿನಿಂದ ಕಣ್ಣೆತ್ತಲಿಲ್ಲ. “ಗೋಡೆಗೆ ಕಿವಿ ಇಟ್ಕಂಡ್ರೆ ನಿಮ್ ರೇಡಿಯೋ ಒಸಿ ಕೇಳ್ಸೋದಂತೆ ಕಣಮ್ಮ. ನಾನೇ ಬಂದು ನಿಮ್ಮನ್ನ ಕೇಳ್ತೀನಿ ಅಂತ ಎದ್ದಿದ್ದೆ. ಸೆರಗು ಹಿಡ್ದು ಕೂರಿಸ್ದ್ಲು. ‘ಸುಮ್ಕಿರು, ಆ ಮಗ ನಾಚ್ಕಬುಡ್ತದೆ. ನನ್ನ ಬಾಯೂ ಜಾಸ್ತಿ’ ಅಂದ್ಲು.”

ಸರ್ವಮಂಗಳಾ ಸರ್ರನೆ ಎದ್ದು ಒಳಗೆ ಹೋದಳು. ರೇಡಿಯೋದ ತಲೆಯ ಮೇಲೆ ಆ ಪೊಟ್ಟಣ ಬಿಚ್ಚದೆಯೇ ಇತ್ತು. ಸಂಜೆಯ ಪ್ರಸಾರಕ್ಕೆ ಹೊತ್ತಾಗಿತ್ತು. ಅವಳು ಕಿಟಕಿಯ ಅಗುಳಿ ತೆಗೆದಳು.

ಕರಿಬಸವಯ್ಯ ಹಿಂದೆಯೇ ಬಂದರು. “ಏನೇ ಇದು? ಬಾಗಿಲಲ್ಲಿ ಹೆಣ ಇರೋವಾಗ ರೇಡಿಯೋ ಹಾಕ್ತಾರಾ? ಜನ ಏನಂದಾರು?”

ಅವಳ ಕೈ ತಿರುಪಿನ ಮೇಲೇ ನಿಂತಿತು. ಜನ. ಅವತ್ತು ಕಿಟಕಿ ಮುಚ್ಚಿಸಿದ್ದೂ ಅದೇ ಮಾತು. ಹೊರಗೆ ಶಂಖ ಊದಿದರು. ಜಾಗಟೆ ಬಡಿಯಿತು. ವಿಮಾನ ಹೆಗಲೇರಿತು. ಕರಿಬಸವಯ್ಯ ಹೆಗಲು ಕೊಡಲು ಓಡಿದರು.

ಆಗ ಅವಳು ತಿರುಪು ತಿರುಗಿಸಿದಳು.

ಪೆಟ್ಟಿಗೆ ಒಡನೆ ಮಾತಾಡಲಿಲ್ಲ. ಅದರ ವಾಲ್ವುಗಳು ಕಾದು ಬಿಸಿಯಾಗಬೇಕು. ಹಸಿರು ದೀಪ ಮೆಲ್ಲಗೆ ಕಣ್ಣು ಬಿಡುತ್ತಿತ್ತು. “ಬೇಗ, ಬೇಗ ಕಣೋ,” ಎಂದು ಅವಳು ಪೆಟ್ಟಿಗೆಯನ್ನು ಬೇಡಿದಳು. ಜಾಗಟೆಯ ಸದ್ದು ಓಣಿಯ ತಿರುವು ದಾಟಿ ಕ್ಷೀಣಿಸಿತು.

ಕೆಳಗೆ ಬೀರಮ್ಮ ಕೊಡದ ನೀರೆರಚಿ ಜಗಲಿ ತೊಳೆಯುತ್ತಿದ್ದಳು.

“ನಮಸ್ಕಾರ,” ಎಂದಿತು ರೇಡಿಯೋ, ಖಾಲಿ ಓಣಿಗೆಲ್ಲ ಕೇಳುವಂತೆ.

ಸರ್ವಮಂಗಳಾ ಕಿಟಕಿಯಿಂದ ಬಗ್ಗಿ ನೋಡಿದಳು. ಸುಣ್ಣದ ಗೋಡೆಯೆಲ್ಲ ನೆನೆದಿತ್ತು. ಒಳಗೆ ರೇಡಿಯೋ ಇದ್ದ ಮೂಲೆಯಲ್ಲಿ ಮಾತ್ರ ಕಿವಿಯಷ್ಟಗಲದ ಎಣ್ಣೆಯ ಕಲೆಯೊಂದಕ್ಕೆ ನೀರು ಅಂಟದೆ, ಅದನ್ನು ಬಳಸಿಕೊಂಡು ಕೆಳಗಿಳಿಯುತ್ತಿತ್ತು.