ಡಿಸೆಂಬರ್ ಹನ್ನೆರಡರ ಹೂವು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಅದರಲ್ಲೂ ಲಾಕ್‌ಡೌನಿನ ಎರಡನೆಯ ವರ್ಷ, ಇಲ್ಲಿ ಮಲೇಷ್ಯಾದಲ್ಲಿ, ಸೈಬರ್‌ಜಯಾದ ಆಫೀಸು ಸುಬಾಂಗ್ ಜಯಾದ ನಮ್ಮ ಮನೆಯೊಳಗೇ ಬಂದು ಕೂತಿದ್ದಾಗ ಅದು ಕೆಳಗಿಳಿಯುತ್ತಲೇ ಇರಲಿಲ್ಲ. ಮೂರು ತಿಂಗಳಿಗೆಂದು ಉಡುಪಿಯಿಂದ ಬಂದಿದ್ದ ಅತ್ತೆ ಜಲಜಾಕ್ಷಿ, ವಿಮಾನ ನಿಂತು ಇಲ್ಲೇ ಉಳಿದಿದ್ದರು.

ಆ ಆಗಸ್ಟಿನಲ್ಲಿ ನಾನು ಹನ್ನೆರಡು ಕಾಡು ಟುಲಿಪ್ ಗೆಡ್ಡೆ ತರಿಸಿದೆ. ಅಂಗಡಿಯಲ್ಲಿ ಕಟ್ಟು ಕಟ್ಟಿ ಮಾರುವ ದೊಡ್ಡ ಹೂವಿನವಲ್ಲ. ಗೇಣುದ್ದದ ದಂಟಿನ, ಹೊರಗೆ ಕೆಂಪು, ಒಳಗೆ ಬಿಳುಪಿನ ಸಣ್ಣ ಹೂವಿನವು. ಚಳಿ ತಾಗದೆ ಅರಳುವ ಜಾತಿಯಲ್ಲ. ಮಲೇಷ್ಯಾದಲ್ಲಿ ಚಳಿ ಎಲ್ಲಿಂದ ತರುವುದು? ಕಾಗದದ ಚೀಲದಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟೆ.

“ಚಾತುರ್ಮಾಸ್ಯದಲ್ಲಿ ನೀರುಳ್ಳಿ ಎಂತಕ್ಕೆ ತಂದದ್ದು ಮಾರಾಯ್ತಿ?” ಎಂದರು ಅತ್ತೆ.

“ಈರುಳ್ಳಿ ಅಲ್ಲ ಅತ್ತೆ, ಹೂವಿನ ಗೆಡ್ಡೆ. ನಮ್ಮಪ್ಪನಿಗೆ.”

ಅಪ್ಪ ಸೂರ್ಯನಾರಾಯಣ ಹವಾಮಾನ ಇಲಾಖೆಯಲ್ಲಿದ್ದರು. ನನಗೆ ಐದು ವರ್ಷವಾಗಿದ್ದಾಗ ಅವರಿಗೆ ಶ್ರೀನಗರಕ್ಕೆ ವರ್ಗವಾಯಿತು. ನಮ್ಮ ಬಾಡಿಗೆ ಮನೆಯ ಎದುರು ಮಣ್ಣಿನ ಮಾಡಿನ ಹಳೆಯ ಮನೆಯೊಂದಿತ್ತು. ಹಿಮ ಕರಗಿದ ಮೇಲೆ ಆ ಮಾಡಿನ ಮೇಲೆಯೇ ಈ ಹೂವು ಏಳುತ್ತಿತ್ತು. ಆಫೀಸಿಗೆ ಹೊರಡುವ ಮುಂಚೆ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, “ಎಣಿಸು ವೇದಾ, ಇವತ್ತು ಎಷ್ಟು?” ಎನ್ನುತ್ತಿದ್ದರು. ನನಗೆ ಇಪ್ಪತ್ತರ ಮೇಲೆ ಬರುತ್ತಿರಲಿಲ್ಲ. ಇಪ್ಪತ್ತಾದ ಮೇಲೆ ಮತ್ತೆ ಒಂದರಿಂದ ಶುರು ಮಾಡುತ್ತಿದ್ದೆ. ಅಪ್ಪ ತಿದ್ದುತ್ತಿರಲಿಲ್ಲ, ತಡವಾದರೂ ನಿಂತೇ ಇರುತ್ತಿದ್ದರು. ಅವರ ಕೋಟಿನ ಉಣ್ಣೆ ನನ್ನ ಕಾಲಿಗೆ ಚುಚ್ಚುತ್ತಿದ್ದದ್ದು ಈಗಲೂ ನೆನಪಿದೆ. ಅಷ್ಟು ಸುಖವಾದ ಬೆಳಗು ಆಮೇಲೆ ನನಗೆ ಸಿಕ್ಕಿಲ್ಲ.

ಅವರು ಮೈಸೂರಿನಲ್ಲಿ ತೀರಿಕೊಂಡದ್ದು 2020ರ ಡಿಸೆಂಬರ್ ಹನ್ನೆರಡಕ್ಕೆ. ಗಡಿ ಮುಚ್ಚಿತ್ತು, ಒಬ್ಬಳೇ ಮಗಳಾದ ನಾನು ಮೊಬೈಲಿನಲ್ಲಿ ಚಿತೆ ನೋಡಿದೆ. ಕರ್ಮವೆಲ್ಲ ಚಿಕ್ಕಪ್ಪನ ಮಗ ಮಾಡಿದ. ವರ್ಷ ತುಂಬುವ ದಿನ ಅಪ್ಪನ ಫೋಟೋದ ಮುಂದೆ ಆ ಹೂವು ಇಡಬೇಕು, ನನ್ನಿಂದಾಗುವುದು ಅದೊಂದೇ ಎಂದು ಹಟ ಹಿಡಿದೆ. ‘ವರ್ಷದ ದಿನಕ್ಕೆ’ ಎಂದು ಅತ್ತೆಗೂ ಹೇಳಿದ್ದೆ.

ಅಕ್ಟೋಬರ್ ಕೊನೆಗೆ ಮನೆಯೆದುರಿನ ಕುಂಡಗಳಲ್ಲಿ ನೆಟ್ಟೆ. ದಿನಾ ಬೆಳಗ್ಗೆ ಮಣ್ಣಿಗೆ ಐಸ್ ತುಂಡು ಹಾಕಿದೆ. ಹತ್ತು ಕೊಳೆತವು, ಒಂದು ಬರೀ ಎಲೆ ಬಿಟ್ಟಿತು. ಉಳಿದ ಒಂದರಲ್ಲಿ ನವೆಂಬರ್ ಕೊನೆಗೆ ಮೊಗ್ಗು ಕಂಡಿತು. ಹನ್ನೆರಡನೇ ತಾರೀಕಿನವರೆಗೆ ಅದನ್ನು ತಡೆಯುವುದು ಹೇಗೆ? ಕೊಡೆ ಕಟ್ಟಿದೆ, ಟೇಬಲ್ ಫ್ಯಾನ್ ಇಟ್ಟೆ. “ನಮ್ಮ ಐಸಿಯುನಲ್ಲೂ ಇಷ್ಟು ಆರೈಕೆ ಇಲ್ಲ ಮಾರಾಯ್ತಿ,” ಎಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ಗಂಡ ವಿನಯ ನಕ್ಕ.

ಡಿಸೆಂಬರ್ ಎರಡರಂದು ಮಹಡಿಯ ಕೋಣೆಯಲ್ಲಿ ಮೀಟಿಂಗ್ ಮುಗಿಸಿ ಹನ್ನೊಂದಕ್ಕೆ ಕೆಳಗಿಳಿದು ಬಂದರೆ, ಕುಂಡದಲ್ಲಿ ಬೋಳು ದಂಟು.

ಹೊಸ ಗಿಡದ ಮೊದಲ ಹೂವು ದೇವರಿಗೆ ಎಂಬುದು ಅತ್ತೆಯ ಶಾಸ್ತ್ರ. ನಮ್ಮ ದಾಸವಾಳ, ನಂದಿಬಟ್ಟಲು ಎಲ್ಲ ನಾನು ಕಾಣುವ ಮುಂಚೆಯೇ ಕೃಷ್ಣನ ಪಾಲಾಗಿದ್ದವು. ನನಗೆ ಪಿತ್ತ ನೆತ್ತಿಗೇರಿತು.

“ಯಾರನ್ನ ಕೇಳಿ ಕಿತ್ರಿ? ನಿಮ್ಮ ಕೃಷ್ಣನಿಗೆ ಇಡೀ ಬ್ರಿಕ್‌ಫೀಲ್ಡ್ಸ್‌ನ ಹೂವಿನಂಗಡಿ ಸಾಲ್ದಾ? ಅಪ್ಪನಿಗೆ ಅಂತ ಒಂದೇ ಒಂದು ಇಟ್ಕೊಂಡಿದ್ದೆ, ಅದನ್ನೂ ಬಿಡಲಿಲ್ವಲ್ಲ ನೀವು!”

“ಅಮ್ಮಾ, ಟೀಚರ್ ಕ್ಯಾನ್ ಹಿಯರ್ ಯು ಲಾ!” ಎಂದು ಆನ್‌ಲೈನ್ ಕ್ಲಾಸಿನಿಂದ ಮಗಳು ಗಾನವಿ ಕೂಗಿದಳು.

ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡು, “ಒಳಗೆ ಬಾ,” ಎಂದರು. ದೇವರ ಕಡೆಗೆ ಹೋಗಲಿಲ್ಲ, ಹಾಲಿಗೆ ಕರೆದೊಯ್ದರು. ಅಪ್ಪನ ಫೋಟೋ ಒರೆಸಿಟ್ಟಿತ್ತು. ಎದುರಿಗೆ ತುಪ್ಪದ ದೀಪ, ಬೆಳ್ಳಿ ಬಟ್ಟಲಿನ ನೀರಿನಲ್ಲಿ ನನ್ನ ಟುಲಿಪ್. ದೀಪದ ಬಿಸಿಗೆ ಮೊಗ್ಗು ಪೂರ್ತಿ ಅರಳಿತ್ತು.

“ಇವತ್ತು ಕಾರ್ತಿಕ ಬಹುಳ ತ್ರಯೋದಶಿ. ನಿನ್ನ ಅಪ್ಪ ಹೋದ ತಿಥಿ. ನಾನು ಅವತ್ತೇ ಬರೆದಿಟ್ಟಿದ್ದೆ. ನೀನು ಇಂಗ್ಲಿಷ್ ತಾರೀಕು ಹಿಡ್ಕೊಂಡು ಕೂತದ್ದು ನಂಗೆ ಎಂತ ಗೊತ್ತು? ನಿಂಗೆ ಗೊತ್ತುಂಟು ಅಂತ್ಲೇ ಎಣಿಸಿದೆ. ನಿನ್ನ ಮೀಟಿಂಗ್ ಮುಗಿಯುದೇ ಇಲ್ಲ, ಹೊತ್ತು ಮೀರ್ತದೆ ಅಂತ ನಾನೇ ಇಟ್ಟೆ.”

ಗೌರಿ ಹಬ್ಬಕ್ಕೆ, ಏಕಾದಶಿಗೆ ಪಂಚಾಂಗ ನೋಡುವ ನಾನು, ಹೆತ್ತ ಅಪ್ಪನ ದಿನವನ್ನು ಆಫೀಸಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೆ. ವರ್ಷವಿಡೀ ಬಾರದೆ ಉಳಿದಿದ್ದ ಅಳು ಆಗ ಬಂತು.

“ತಪ್ಪಾಯ್ತು ಅತ್ತೆ.”

“ಅದೆಲ್ಲ ಇರ್ಲಿ. ಸ್ನಾನ ಮಾಡಿ ಬಂದು ನಮಸ್ಕಾರ ಮಾಡು. ಮತ್ತೆ ಒಟ್ಟಿಗೆ ಊಟ ಮಾಡುವ.”

ಬಾಗಿಲಲ್ಲಿ ನಿಂತಿದ್ದ ಗಾನವಿ ಮೆಲ್ಲಗೆ, “ಅಜ್ಜಿ ಡಿಡಂಟ್ ಈಟ್ ಎನಿಥಿಂಗ್, ಅಮ್ಮಾ. ನಾಟ್ ಈವನ್ ಕಾಫಿ,” ಎಂದಳು.

ನಾನು ಹಿಂದಿನ ದಿನ ಇಲ್ಲಿನ ತಮಿಳು ಮುಸ್ಲಿಮರ ಮಾಮಾಕ್ ಹೋಟೆಲಿನಿಂದ ತಪಾವ್ ಎಂದು ಕಟ್ಟಿಸಿಕೊಂಡು ತಂದಿದ್ದ ರೋಟಿಯನ್ನು ಮೀಟಿಂಗಿನ ನಡುವೆಯೇ ತಿಂದು ಮುಗಿಸಿದ್ದೆ. ನನ್ನ ಅಪ್ಪನ ತಿಥಿಗೆ ಉಪವಾಸವಿದ್ದವರು ನನ್ನ ಅತ್ತೆ.