ತನ್ನ ಮೇಲೆ ತಾನೇ ಕೊಟ್ಟ ದೂರು

ಕುರ್ಚಿ ರಿಪೇರಿಯವನ ಮಗಳು ಕೊನೆಯ ಪರೀಕ್ಷೆಯಲ್ಲೂ ಪಾಸಾದಳು. ಮಕ್ಕಳು ಪಾಸಾದರೆ ಅಪ್ಪಂದಿರು ಎದೆ ಉಬ್ಬಿಸಿಕೊಂಡು ಓಡಾಡುವುದು ಲೋಕರೂಢಿ. ಈ ಪುಣ್ಯಾತ್ಮ ಮಾತ್ರ ಸುದ್ದಿ ಕೇಳಿ, ಅರ್ಧ ಬಿಚ್ಚಿದ ಸೋಫಾದ ಪಕ್ಕ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ.

ಅವನ ಸಂಕಟ ಸುಮ್ಮನೆ ಬಂದದ್ದಲ್ಲ. ಹೆಂಡತಿಯಿಂದ ಬೇರೆಯಾದಾಗ ಮಗಳಿಗೆ ಇನ್ನೂ ಹಾಲುಹಲ್ಲು ಬೀಳುತ್ತಿದ್ದವು. ತಿಂಗಳ ಮೊದಲ ಶನಿವಾರ ಅಪ್ಪನಾದವನು ಜೀವನಾಂಶ ಕಚೇರಿಯ ಕಾಯುವ ಕೋಣೆಗೆ ಬಂದು, ಮಗುವಿನ ಖರ್ಚಿನ ಹಣವನ್ನು ಕವರಿನಲ್ಲಿಟ್ಟು ಮಗುವಿನ ಕೈಗೇ ಕೊಡಬೇಕೆಂದು ಆಗ ತೀರ್ಮಾನವಾಗಿತ್ತು. ಮೊದಮೊದಲು ಅಮ್ಮ ಬಾಗಿಲಾಚೆ ನಿಲ್ಲುತ್ತಿದ್ದಳು. ಈಗ ಮಗಳು ಒಬ್ಬಳೇ ಬರುತ್ತಾಳೆ. ಇಬ್ಬರೂ ಒಂದು ಬೆಂಚಿನ ಮೇಲೆ ಕೂರುತ್ತಾರೆ. "ಊಟ ಆಯ್ತಾ?" ಅನ್ನುತ್ತಾನೆ. "ಆಯ್ತು," ಅನ್ನುತ್ತಾಳೆ. ಮಾತುಕತೆ ಎಂದರೆ ಬಹುಮಟ್ಟಿಗೆ ಇಷ್ಟೇ. ಹಗಲೆಲ್ಲ ತುಟಿಯ ನಡುವೆ ಮೊಳೆ ಕಚ್ಚಿಕೊಂಡು ಕೆಲಸ ಮಾಡುವವನ ಬಾಯಿಂದ, ಮೊಳೆ ತೆಗೆದ ಮೇಲೂ ಮಾತು ಹೊರಡುವುದು ಅಷ್ಟಕ್ಕಷ್ಟೆ. ಆದರೆ ಆ ಒಂದು ಶನಿವಾರಕ್ಕಾಗಿಯೇ ಅವನು ತಿಂಗಳಿಡೀ ಉಸಿರಾಡುತ್ತಿದ್ದ. ಕೆಲವು ವರ್ಷಗಳಿಂದ ಆ ಕೋಣೆಗೆ ಬೇರೆ ಅಪ್ಪಂದಿರು ಬರುವುದೇ ನಿಂತುಹೋಗಿತ್ತು. ಎಲ್ಲರೂ ಜವಾಬ್ದಾರಿಗೆ ಎಳ್ಳುನೀರು ಬಿಟ್ಟರೆಂದು ಅವನು ಒಳಗೊಳಗೇ ಬೈದುಕೊಂಡಿದ್ದ.

ನಿಯಮದ ಪ್ರಕಾರ ಮಕ್ಕಳಿಗೆ ಹದಿನೆಂಟು ತುಂಬಿದರೆ ಜೀವನಾಂಶ ನಿಲ್ಲುತ್ತದೆ. ಓದುತ್ತಿದ್ದರೆ ಓದು ಮುಗಿಯುವವರೆಗೆ ನಡೆಯುತ್ತದೆ. ಮಗಳ ಹದಿನೆಂಟು ಎಂದೋ ದಾಟಿತ್ತು. ಈಗ ಓದೂ ಮುಗಿಯಿತು. ಸಾಲದ್ದಕ್ಕೆ ಕನ್ನಡಕದ ಅಂಗಡಿಯಲ್ಲಿ ಕೆಲಸವೂ ಸಿಕ್ಕಿಬಿಟ್ಟಿತ್ತು.

ಅವನೇನು ಕೈ ಕಟ್ಟಿ ಕೂತಿರಲಿಲ್ಲ. ಪರೀಕ್ಷೆಗೆ ಮುಂಚೆಯೇ ಮಗಳ ಕಾಲೇಜಿನ ಪ್ರಿನ್ಸಿಪಾಲರನ್ನು ಕಂಡು ಬಂದಿದ್ದ.

"ಒಂದೇ ಒಂದು ಸಬ್ಜೆಕ್ಟಲ್ಲಿ ಫೇಲ್ ಮಾಡೋಕಾಗುತ್ತಾ ಸಾರ್? ದೊಡ್ಡ ಸಬ್ಜೆಕ್ಟೇ ಆಗ್ಬೇಕು ಅಂತೇನಿಲ್ಲ."

"ನಿಮ್ಮ ಮಗಳು ಚೆನ್ನಾಗಿ ಓದ್ತಾಳಲ್ರೀ."

"ಅದೇ ಸಾರ್ ತೊಂದರೆ. ನಿಮ್ಮ ಕುರ್ಚಿ ಸ್ಪ್ರಿಂಗ್ ಕುಸಿದಿದೆ, ಪುಕ್ಕಟೆ ಮಾಡ್ಕೊಡ್ತೀನಿ."

ಪಾಸು ಮಾಡಿಸಿ ಎಂದು ಕಾಲು ಹಿಡಿದವರನ್ನೇ ಜೀವಮಾನವಿಡೀ ಕಂಡಿದ್ದ ಪ್ರಿನ್ಸಿಪಾಲರು ಒಂದು ಲೋಟ ನೀರು ತರಿಸಿಕೊಂಡು ತಾವೇ ಕುಡಿದರು. ಫೇಲಂತೂ ಮಾಡಲಿಲ್ಲ.

ಉಳಿದ ದಾರಿ ಜೀವನಾಂಶ ಕಚೇರಿಯೊಂದೇ. ಅಲ್ಲಿ ಎರಡು ಕಿಟಕಿಗಳಿದ್ದವು. ಒಂದು, ಇನ್ನು ಕೊಡಲಾರೆ ಎನ್ನುವವರಿಗೆ. ಇನ್ನೊಂದು, ಕೊಡದವರ ಮೇಲೆ ದೂರು ಹೇಳುವವರಿಗೆ.

"ಇನ್ನೂ ಕೊಡ್ತೀನಿ ಅನ್ನೋರು ಎಲ್ಲಿ ನಿಲ್ಬೇಕಮ್ಮ?" ಎಂದು ಗುಮಾಸ್ತೆಯನ್ನು ಕೇಳಿದ.

"ಅಂಥವ್ರು ಯಾರೂ ಬರಲ್ಲ."

"ನಾನು ಬಂದಿದೀನಲ್ಲ."

ಗುಮಾಸ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಪಾಪ, ಕೆಟ್ಟವಳಲ್ಲ. "ಹಾಗಾದ್ರೆ ದೂರು ಕೊಡಿ. ಅದು ಇತ್ಯರ್ಥ ಆಗೋವರೆಗೂ ಹಣ ನಿಲ್ಸೋ ಹಾಗಿಲ್ಲ."

"ಯಾರ ಮೇಲೆ?"

"ನಿಲ್ಲಿಸೋರ ಮೇಲೆ."

"ಅದು ನಾನೇ ಅಲ್ವಾ?"

"ಮತ್ತೆ ನಿಮ್ಮ ಮೇಲೇ ಕೊಡಿ," ಎಂದು ಅವಳು ಮುಂದಿನವರನ್ನು ಕರೆದಳು.

ಕೊಟ್ಟ. ಈ ಮನುಷ್ಯ ಮುಂದಿನ ತಿಂಗಳಿಂದ ನಾಪತ್ತೆಯಾಗುತ್ತಾನೆ, ಇವನನ್ನು ನಂಬುವಂತಿಲ್ಲ ಎಂದು ಬರೆದು ಸಹಿ ಹಾಕಿದ. ವಾರ ಕಳೆಯುವುದರೊಳಗೆ ವಿಚಾರಣೆಗೆ ಬರಬೇಕೆಂದು ನೋಟಿಸು ಅಂಗಡಿಗೇ ಬಂತು. ಓದಿಕೊಂಡಾಗ ದೂರು ಕೊಟ್ಟವನ ಮೇಲೆ ಅವನಿಗೆ ಒಂದು ಕ್ಷಣ ಸಿಟ್ಟೇ ಬಂತು.

ವಿಚಾರಣೆಯ ಕೋಣೆಯಲ್ಲಿ ಅಧಿಕಾರಿಯ ಮೇಜಿನೆದುರು ಎರಡು ಕುರ್ಚಿಗಳು. ಗೋಡೆ ಪಕ್ಕದ ಬೆಂಚಿನಲ್ಲಿ ಸಾಕ್ಷಿಯಾಗಿ ಮಗಳು.

"ದೂರುದಾರರು ಯಾರು?"

"ನಾನು ಸಾರ್."

"ಎದುರುದಾರರು?"

ಅವನು ಎದ್ದು ಪಕ್ಕದ ಕುರ್ಚಿಯಲ್ಲಿ ಕೂತ. "ನಾನು ಸಾರ್."

ಅಧಿಕಾರಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನೋಟ ಬದಲಾಗಲಿಲ್ಲ. ಆದರೆ ಪದ್ಧತಿ ಪದ್ಧತಿಯೇ. ಎದುರುದಾರರ ಕುರ್ಚಿಗೆ ಒಂದು ಕಾಲು ಗಿಡ್ಡವಾಗಿತ್ತು. ಇಲ್ಲಿ ಕೂತವರೆಲ್ಲ ಅಲುಗಾಡುವುದು ತಪ್ಪು ಮಾಡಿದ್ದಕ್ಕಲ್ಲ, ಈ ಕಾಲಿನಿಂದ ಎಂದು ಅವನಿಗೆ ಕೂತ ಕೂಡಲೇ ತಿಳಿಯಿತು.

"ಯಾಕ್ರೀ ಹಣ ನಿಲ್ಲಿಸ್ತಿದೀರಿ?"

"ನಾನೆಲ್ಲಿ ನಿಲ್ಲಿಸ್ದೆ ಸಾರ್? ಕೊಡ್ತೀನಿ ಅಂತಾನೇ ಬಡ್ಕೋತಿದೀನಿ."

"ಹಾಗಾದ್ರೆ ದೂರು ಸುಳ್ಳು."

ಅವನು ಗಡಬಡಿಸಿ ಮೊದಲಿನ ಕುರ್ಚಿಗೆ ಬಂದ. "ಸುಳ್ಳಲ್ಲ ಸಾರ್. ಅವನ ಮಾತು ಕೇಳ್ಬೇಡಿ. ನಿಯಮ ಮುಗೀತು ಅಂದ ಕೂಡ್ಲೆ ಅಂಗಡೀಲಿ ಮುದುರ್ಕೊಂಡು ಕೂತ್ಬಿಡ್ತಾನೆ. ಮಗಳ ಮನೆ ಬಾಗಿಲು ತಟ್ಟೋ ಧೈರ್ಯ ಅವನಿಗಿಲ್ಲ. ನಂಗೊತ್ತು ಅವನ ಹಣೇಬರಹ. ಹಣ ನಿಂತ್ರೆ ಶನಿವಾರ ನಿಂತ್ಹೋಗುತ್ತೆ ಸಾರ್. ಅವಳು ನನ್ನ ಹತ್ರ ಬರೋದು ಅದೊಂದೇ ದಿನ."

ಮಗಳು ಚಪ್ಪಲಿಯ ತುದಿ ನೋಡುತ್ತಿದ್ದಳು.

"ಯಾವ ಶನಿವಾರ?" ಎಂದರು ಅಧಿಕಾರಿ.

"ಕವರ್ ಕೈಗೆ ಕೊಡೋ ಶನಿವಾರ ಸಾರ್."

"ಕೈಗೆ ಕೊಡೋದನ್ನ ತೆಗೆದು ಎಷ್ಟೋ ವರ್ಷ ಆಯ್ತಲ್ರೀ. ಈಗೆಲ್ಲ ಬ್ಯಾಂಕಿಗೇ ಹಾಕ್ಬೇಕು. ಮಕ್ಕಳಿರೋ ಮನೆಗೆಲ್ಲ ಆಗ್ಲೇ ತಿಳಿಸಿದ್ವಿ."

ಅವನು ಬೆಪ್ಪಾಗಿ ಮಗಳ ಕಡೆ ತಿರುಗಿದ.

"ನಂಗೆ ಗೊತ್ತಿತ್ತು," ಎಂದಳು ಮಗಳು.

"ಮತ್ತೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನೀನು ಬ್ಯಾಂಕಿಗೆ ಹಾಕ್ಬಿಡ್ತಿದ್ದೆ."

"ಅಮ್ಮ ಏನೂ ಅನ್ಲಿಲ್ವಾ?"

"ನಿಂಗೆ ಬ್ಯಾಂಕ್ ವ್ಯವಹಾರ ತಲೆಗೆ ಹತ್ತಲ್ಲ ಅಂದಿದ್ದೆ. ಒಂದು ಮಾತೂ ಕೇಳ್ದೆ ನಂಬಿದ್ಲು."

ಯಾವ ಕುರ್ಚಿಯಲ್ಲಿ ಕೂತು ಅಳಬೇಕೆಂದು ತಿಳಿಯದೆ ಅವನು ಎರಡರ ನಡುವೆ ನಿಂತುಕೊಂಡೇ ಅತ್ತ. ಅಧಿಕಾರಿ ದೂರನ್ನು ವಜಾ ಮಾಡಿದರು, ಎದುರುದಾರರ ವಾದವನ್ನೂ ವಜಾ ಮಾಡಿದರು. "ಇಬ್ರೂ ಸೋತಿದೀರಿ. ಹೊರಡಿ, ನಂಗೆ ಬೇರೆ ಕೆಲ್ಸ ಇದೆ," ಎಂದರು.

ಹೊರಗೆ ಬಸ್ ಸ್ಟಾಪಿನವರೆಗೆ ಅಪ್ಪ ಮಗಳು ಒಟ್ಟಿಗೆ ನಡೆದರು. ಬಸ್ಸು ಕಾಣಿಸಿಕೊಂಡಾಗ ಮಗಳೇ ಹೇಳಿದಳು. "ಶನಿವಾರ ಅಂಗಡಿಗೆ ಬರ್ತೀನಿ. ಕವರ್ ಗಿವರ್ ಏನೂ ಬೇಡ."

"ಕವರ್ ಇಲ್ದೆ ಬಂದು ಏನ್ಮಾಡ್ತೀಯ?"

"ಕೂತಿರ್ತೀನಿ."

ಬಸ್ಸು ನಿಂತಿತು, ಅವಳು ಹತ್ತಿ ಕಿಟಕಿ ಪಕ್ಕ ಜಾಗ ಹಿಡಿದಳು. ಅವನಿಗೆ ಒಮ್ಮೆಲೇ ಗಾಬರಿಯಾಯಿತು. ಓಡಿ ಬಂದು ಕಿಟಕಿಯ ಸರಳು ಹಿಡಿದುಕೊಂಡ.

"ನಂಗೆ ಮಾತಾಡೋಕೆ ಬರಲ್ವಲ್ಲೇ," ಎಂದ.

"ಗೊತ್ತಪ್ಪ. ಇಷ್ಟು ವರ್ಷ ಅದನ್ನೇ ಕೇಳಿಸ್ಕೊಂಡು ಕೂತಿದ್ನಲ್ಲ," ಎಂದಳು ಮಗಳು.