ಇನ್ನೂ ಸ್ವಲ್ಪ ಸೋರುತ್ತೆ

ಅಪ್ಪನ ಕೈ ಅಂದು ನಿಜಕ್ಕೂ ನಡುಗಿತ್ತೇ, ಇಲ್ಲ ತಾನೇ ಹಾಗೆ ಅಂದುಕೊಂಡನೇ? ದೋಣಿ ಹೊತ್ತ ಟ್ರೇಲರಿನ ಕೆಳಗೆ ಅಂಗಾತ ಮಲಗಿ ಜಾಕಿಗೆ ಗಟ್ಟಿ ನೆಲ ಹುಡುಕುತ್ತಿದ್ದ ಮಗನಿಗೆ, ಈ ಹೊತ್ತಿನಲ್ಲಿ ಬೇಡವಾದ ಆ ಪ್ರಶ್ನೆಯೇ ಮತ್ತೆ ಮತ್ತೆ ಎದುರಾಗುತ್ತಿತ್ತು. ಟೈರುಗಳು ಎಂದೋ ಗಾಳಿ ಹೋಗಿ ಅರ್ಧ ಮಣ್ಣಿನಲ್ಲಿ ಹೂತಿದ್ದವು. ಜಾಕಿ ಒಂದು ಬೆರಳು ಏರಿದರೆ ಎರಡು ಬೆರಳು ಕೆಳಗಿಳಿಯುತ್ತಿತ್ತು.

"ಬಿಡೋ, ಅದು ಜಗ್ಗಲ್ಲ," ಎಂದರು ಸೋದರಮಾವ. "ನಿಮ್ಮಪ್ಪನಿಗೇ ಜಗ್ಗಲಿಲ್ಲ."

ನಡುಮನೆಯಲ್ಲಿ ಅಪ್ಪನ ಶವಪೆಟ್ಟಿಗೆ ಸಿದ್ಧವಾಗಿತ್ತು. ಗೇಟಿನಾಚೆ ವ್ಯಾನು ನಿಂತಿತ್ತು. ಎರಡರ ನಡುವೆ ಈ ಹಳೆಯ ಹಾಯಿದೋಣಿ. ಇಷ್ಟು ವರ್ಷ ಮನೆಗೆ ಬಂದುಹೋಗುವವರೆಲ್ಲ ಹೊಟ್ಟೆ ಒಳಗೆಳೆದುಕೊಂಡು ಅದರ ಪಕ್ಕದಲ್ಲಿ ಓರೆಯಾಗಿ ನುಸುಳುತ್ತಿದ್ದರು. ಪೆಟ್ಟಿಗೆ ಓರೆಯಾಗಲಾರದು.

"ಬೀದಿಯವರ ಮನೆ ನಲ್ಲಿಯೆಲ್ಲ ಸರಿಮಾಡಿದ ಮನುಷ್ಯ," ಎದುರುಮನೆಯ ದರ್ಜಿ ದೋಣಿಯ ಮೈ ತಟ್ಟಿದ. "ತನ್ನ ದೋಣಿ ಸೋರೋದು ಮಾತ್ರ ನಿಲ್ಲಿಸಕ್ಕಾಗಲಿಲ್ಲ ನೋಡಿ."

"ದೀಪದ ಬುಡ ಕತ್ತಲೆ ಅಂತ ಸುಮ್ಮನೆ ಹೇಳ್ತಾರಾ?" ಎಂದರು ಮಾವ.

ಮಗ ಜಾಕಿಯ ಹಿಡಿ ಬಿಟ್ಟ.

*

ಅಪ್ಪ ಅದನ್ನು ಕೊಂಡದ್ದು ಯಾರೋ ಬಳಸಿ ಬಿಟ್ಟ ಮೇಲೆ, ಕಾರಿಗೆ ಕಟ್ಟಿ ಎಳೆದೊಯ್ಯುವ ಟ್ರೇಲರಿನ ಸಮೇತ. ದೋಣಿಯ ನಡುವೆ ಉದ್ದನೆಯ ಗೂಡು, ಅದರೊಳಗೆ ಒಂದು ಹಲಗೆ. ಹಗ್ಗ ಸಡಿಲಿಸಿದರೆ ಹಲಗೆ ನೀರಿಗಿಳಿಯಬೇಕು, ಎಳೆದರೆ ಮೇಲೇರಬೇಕು. ಅದು ಇಳಿಯದಿದ್ದರೆ ದೋಣಿ ಗಾಳಿ ತಳ್ಳಿದತ್ತ ಏಡಿಯ ಹಾಗೆ ಅಡ್ಡಡ್ಡ ಹೋಗುತ್ತದೆ.

ಮೊದಲ ಸಲ ಕೆರೆಗಿಳಿಸಿದಾಗ ಹಾಗೆಯೇ ಹೋಯಿತು. ಹಲಗೆ ಗೂಡಿನಲ್ಲಿ ಕಚ್ಚಿಕೊಂಡಿತ್ತು. ಅದು ತಿರುಗುವ ಪಿನ್ನಿನ ಸುತ್ತ ನೀರು ಜಿನುಗಿ ಅಮ್ಮನ ಪಾದಗಳು ಮುಳುಗಿದವು. ಅವಳು ಕಿರುಚಲಿಲ್ಲ. ಎರಡೂ ಕೈಗಳಿಂದ ದೋಣಿಯ ಅಂಚು ಹಿಡಿದು ದಡವನ್ನೇ ನೋಡುತ್ತ ಕೂತಿದ್ದಳು. ದಡ ಸೇರಿದ ಮೇಲೂ ಆ ಹಿಡಿತ ಬಿಡಲಿಲ್ಲ. ಅಪ್ಪ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

"ಸೋರೋದು ನಿಲ್ಲಲಿ, ಆಮೇಲೆ ಖಂಡಿತ ಬರ್ತೀನಿ," ಎಂದಳು ಅಮ್ಮ, ನಗಲು ನೋಡುತ್ತ.

"ಆಯ್ತು," ಎಂದ ಅಪ್ಪ.

ಅಲ್ಲಿಂದಾಚೆಗೆ ಭಾನುವಾರ ಬಂತೆಂದರೆ ದೋಣಿಯಡಿಯಿಂದ ಅವನ ಎರಡು ಕಾಲು ಹೊರಚಾಚಿರುತ್ತಿದ್ದವು. ಅಮ್ಮ ಬಾಗಿಲಿಗೆ ಬಂದು, "ನಿಂತಿತಾ?" ಎನ್ನುವಳು.

"ಇನ್ನೂ ಸ್ವಲ್ಪ ಸೋರುತ್ತೆ," ಎಂದು ಕಾಲುಗಳ ಕಡೆಯಿಂದ ಉತ್ತರ ಬರುವುದು.

ಮಗ ನಲ್ಲಿ ಕೆಲಸ ಕಲಿತದ್ದು ಅಪ್ಪನ ಜೊತೆ ತಿರುಗಿಯೇ. ಕಳೆದ ವರ್ಷ ಯಾರದೋ ಮನೆಯಲ್ಲಿ ಅಪ್ಪನ ಕೈಯಿಂದ ಸ್ಪ್ಯಾನರ್ ಜಾರಿ ನೆಲದ ಕಲ್ಲು ಸೀಳಿತು. ಅಂದು ಸಂಜೆ ಊಟದ ಮೇಜಿನಲ್ಲಿ ಮಗ ಹೇಳಿದ್ದ: "ಇನ್ನು ನೀನು ಮನೇಲಿರಪ್ಪ. ಕೈ ನಡುಗುತ್ತೆ ನಿಂಗೆ. ಒಂದು ದೋಣಿ ಸೋರೋದು ನಿಲ್ಲಿಸಕ್ಕೆ ಎಷ್ಟು ವರ್ಷ ಬೇಕು? ಜನರ ಮನೆ ಕೆಲಸ ನಾನು ನೋಡ್ಕೋತೀನಿ."

ಅಪ್ಪ ಏನೋ ಹೇಳಲು ಬಾಯಿ ತೆರೆದ. ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ತೊಳೆಯುವ ಸದ್ದು ನಿಂತಿತು. ಅವನು ಅತ್ತ ಒಮ್ಮೆ ನೋಡಿದ.

"ಅದೂ ಸರಿ," ಎಂದು ಸಾಮಾನಿನ ಚೀಲವನ್ನು ಕಾಲಿನಿಂದ ಮಗನ ಕಡೆ ತಳ್ಳಿದ.

*

"ಹೇಗೂ ಹೆಗಲು ಕೊಡಕ್ಕೆ ಬಂದಿದೀವಿ," ಎಂದ ದರ್ಜಿ. "ಮೊದಲು ಇದನ್ನೇ ಹೊರೋಣ. ಎತ್ತಿ ಗೋಡೆಗೆ ಆನಿಸಿದ್ರೆ ಆಯ್ತು. ಬರೀ ಟ್ರೇಲರನ್ನ ಹೇಗಾದ್ರೂ ಎಳೀಬಹುದು."

ಹರಿದ ಹೊದಿಕೆ ಸರಿಸಿದರು. ಒಳಗೆ ಮೊಣಕಾಲಿನವರೆಗೆ ಮಳೆನೀರು. ಅದರ ಮೇಲೆ ಕೊಳೆತ ಎಲೆ.

"ಈ ಭಾರ ಹೊತ್ತರೆ ನಮಗೂ ಒಂದೊಂದು ಪೆಟ್ಟಿಗೆ ತರಿಸಬೇಕಾಗುತ್ತೆ," ಎಂದರು ಮಾವ. "ಬಕೆಟ್ ತಗೊಂಡು ಬಾ."

ಮಗ ಕದಲಲಿಲ್ಲ. ಮಳೆ ನಿಂತು ಎಷ್ಟೋ ದಿನವಾಗಿತ್ತು. ಪಿನ್ನು ಆ ನೀರಿನ ತಳದಲ್ಲಿತ್ತು. ಅವನು ಮತ್ತೆ ಬಗ್ಗಿ ದೋಣಿಯ ಹೊಟ್ಟೆಯನ್ನು ಕೈಯಿಂದ ಸವರಿದ. ಗೂಡಿನ ಸೀಳಿನಲ್ಲಿ ಜೇಡ ಬಲೆ ಕಟ್ಟಿತ್ತು. ಒಂದು ಹನಿ ತೇವವೂ ಇಲ್ಲ. ಒಳಗಿನ ನೀರು ಹೊರಗೆ ಬರದ ಕಡೆ ಹೊರಗಿನದು ಒಳಗೆ ಹೋಗುವುದಿಲ್ಲ. ಇದನ್ನು ಅವನಿಗೆ ಹೇಳಿಕೊಟ್ಟವನು ಅಪ್ಪ.

ನೀರು ಚೆಲ್ಲಿದರು. ಇಬ್ಬದಿಯಲ್ಲೂ ಜನ ನಿಂತು ಎತ್ತಿದರು. ದೋಣಿ ಟ್ರೇಲರಿನಿಂದ ಈಚೆ ಬಂದು ಅಂತರದಲ್ಲಿ ನಿಂತ ಗಳಿಗೆಯಲ್ಲಿ ದರ್ಜಿಯ ಮೊಣಕೈ ತಗುಲಿ ಹಗ್ಗ ಬಿಚ್ಚಿತು. ಹಲಗೆ ಇಳಿಯಿತು. ಕಿರುಗುಟ್ಟಲಿಲ್ಲ, ತಡೆಯಲಿಲ್ಲ, ಎಣ್ಣೆ ಬಿಟ್ಟ ಬಾಗಿಲಿನ ಹಾಗೆ ತಿರುಗಿ ಅವರ ಕಾಲುಗಳ ನಡುವೆ ಬಂದು ನಿಂತಿತು.

"ಅಯ್ಯೋ, ಕಾಲು, ಕಾಲು!" ಎಂದು ಮಾವ ಕುಣಿದರು.

ಮಗ ಒಂದೇ ಕೈಯಲ್ಲಿ ಹಗ್ಗ ಎಳೆದ. ಹಲಗೆ ಸದ್ದಿಲ್ಲದೆ ಮೇಲೇರಿತು.

"ಕಚ್ಚಿಕೊಂಡಿದೆ ಅಂತಿದ್ರಲ್ಲ?" ಎಂದರು ಮಾವ.

"ಇಷ್ಟು ಜನ ಅಲ್ಲಾಡಿಸಿದ್ರೆ ಕಲ್ಲೂ ಸಡಿಲ ಆಗುತ್ತೆ," ಎಂದ ದರ್ಜಿ.

ದೋಣಿಯನ್ನು ಗೋಡೆಗೆ ಆನಿಸಿ ಅವರೆಲ್ಲ ಟ್ರೇಲರ್ ಎಳೆಯಲು ಹೋದರು. ಮಗ ಪಿನ್ನಿನ ಬಳಿ ಕುಕ್ಕರಗಾಲಿನಲ್ಲಿ ಕೂತ. ಹಳೆಯ ಪಿನ್ನು ಬದಲಾಗಿತ್ತು. ಎರಡೂ ಬದಿಗೆ ಕಪ್ಪು ರಬ್ಬರಿನ ವಾಷರ್, ನಲ್ಲಿಗಳಿಗೆ ಅಪ್ಪ ಕತ್ತರಿಸುತ್ತಿದ್ದ ಅದೇ ರಬ್ಬರು. ಅಂಚು ಎಲ್ಲೂ ಅಂಕುಡೊಂಕಾಗಿರಲಿಲ್ಲ. ಗ್ರೀಸಿನ ಮೇಲೆ ಕೆಸರು ಕೂತು ಹೆಪ್ಪುಗಟ್ಟಿತ್ತು. ಇದು ಈ ವರ್ಷದ ಕೆಲಸವಲ್ಲ. ಹೋದ ವರ್ಷದ್ದೂ ಅಲ್ಲ.

"ಕೊನೆಗೂ ಸರಿಹೋಗಲಿಲ್ಲ, ಅಲ್ವಾ?"

ಅಮ್ಮ ಹಿಂದೆ ಬಂದು ನಿಂತಿದ್ದಳು. ಅತ್ತು ಅತ್ತು ದನಿ ಕೂತಿತ್ತು. ಅವಳು ದೋಣಿಯನ್ನು ಮುಟ್ಟಲಿಲ್ಲ.

"ನಿಂಗೊಬ್ಬನಿಗೆ ಹೇಳ್ತೀನಿ ಕಣೋ. ಅವರು 'ಇನ್ನೂ ಸ್ವಲ್ಪ ಸೋರುತ್ತೆ' ಅಂದಾಗೆಲ್ಲ ನಂಗೆ ಹೋದ ಜೀವ ಬಂದ ಹಾಗಾಗ್ತಿತ್ತು. ನೀರು ಅಂದ್ರೇ ಆಗಲ್ಲ ನಂಗೆ. ಹೇಳಕ್ಕೆ ಬಾಯಿ ಬರಲಿಲ್ಲ. ಅಷ್ಟು ಆಸೆಯಿಂದ ತಂದಿದ್ರು... ಸದ್ಯ, ಅವರಿಗೆ ಗೊತ್ತಾಗಲೇ ಇಲ್ಲ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಈಗಲೂ ಸೋರುತ್ತಾ?"

ಮಗನ ಬೆರಳು ಆ ವಾಷರಿನ ಮೇಲೆಯೇ ಇತ್ತು.

"ಇನ್ನೂ ಸ್ವಲ್ಪ ಸೋರುತ್ತಮ್ಮ," ಎಂದ.

ಅಮ್ಮ ತಲೆಯಾಡಿಸಿ ಒಳಗೆ ಹೋದಳು.

ಪೆಟ್ಟಿಗೆ ಯಾವ ಕಡೆಗೂ ವಾಲದೆ ನೇರವಾಗಿ ಅಂಗಳ ದಾಟಿತು. ಮುಂದಿನ ಎಡಮೂಲೆಗೆ ಮಗ ಹೆಗಲು ಕೊಟ್ಟಿದ್ದ. ಅವನ ಹಿಂದೆ ದರ್ಜಿ.

"ಒಳ್ಳೇ ಕೈ ಕಣಪ್ಪ ನಿಮ್ಮಪ್ಪಂದು," ದರ್ಜಿ ಮೆಲ್ಲಗೆ ಹೇಳಿದ. "ಆ ದೋಣಿ ಒಂದರಲ್ಲಿ ಸೋತರು, ಅಷ್ಟೇ."

ಪೆಟ್ಟಿಗೆಯ ಬಿಳಿ ಮರದ ಮೇಲೆ ಮಗನ ನಾಲ್ಕು ಬೆರಳುಗಳ ಗ್ರೀಸು ಕಪ್ಪಗೆ ಮೂಡಿತ್ತು.

ದೋಣಿ ಸೋರುವುದು ನಿಂತಿದೆ ಎಂದು ಅಪ್ಪ ಯಾರಿಗೂ ಹೇಳಿರಲಿಲ್ಲ. ಮಗನೂ ಹೇಳಲಿಲ್ಲ.